ಎಡಗಿವಿಯ ಕಳ್ಳ

ನಮ್ಮ ಅತ್ತಿಗೆ ಯಾರನ್ನೂ ಸುಮ್ಮನೆ ನಂಬುವವಳಲ್ಲ. ಹಾಲಿನವನು ಅಳೆದು ಸುರಿಯುವಾಗ ಅವನ ಹೆಬ್ಬೆರಳು ಅಳತೆಯ ಒಳಗಿದೆಯೋ ಹೊರಗಿದೆಯೋ ಎಂದು ನೋಡುತ್ತಾಳೆ. ತರಕಾರಿಯವಳು ತಕ್ಕಡಿ ಎತ್ತಿದರೆ ಬಗ್ಗಿ ತಟ್ಟೆಯ ಅಡಿಯನ್ನೇ ನೋಡುತ್ತಾಳೆ. ಯಾರಾದರೂ ಮನೆಗೆ ಬಂದು ಚೆನ್ನಾಗಿದ್ದೀರಾ ಎಂದು ವಿಚಾರಿಸಿ ಹೋದರೆ, ಅವರು ಗೇಟು ದಾಟುವ ಮೊದಲೇ "ಇವರು ಬಂದಿದ್ದು ಯಾಕೆ?" ಎಂದು ನನ್ನನ್ನು ಕೇಳುತ್ತಾಳೆ. ನಾನು ಅವಳ ನಾದಿನಿ. ವಯಸ್ಸಿನಲ್ಲಿ ಅವಳಿಗಿಂತ ಒಂದೆರಡು ವರ್ಷ ದೊಡ್ಡವಳು, ಮದುವೆಯ ಗೊಡವೆಗೆ ಹೋಗದೆ ಅಣ್ಣನ ಮನೆಯಲ್ಲೇ ಉಳಿದವಳು. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೆಲಸ ಮಾಡಿದ್ದೇವೆ. ಆದರೂ ನಾನು ಮುಚ್ಚಿದ ಡಬ್ಬಿಯ ಮುಚ್ಚಳವನ್ನು ಅವಳು ಬಂದು ಇನ್ನೊಮ್ಮೆ ಒತ್ತಿ ನೋಡದೆ ಬಿಟ್ಟದ್ದಿಲ್ಲ.

ಇದು ಹುಟ್ಟುಗುಣವೋ, ಕೆಲಸ ಕಲಿಸಿದ್ದೋ ನನಗೆ ಗೊತ್ತಿಲ್ಲ. ಊರಿನ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯ ತುದಿಯಲ್ಲಿ ಒಂದು ಕೋಣೆಯಿದೆ. ಅಲ್ಲಿ ಜನರ ತಲೆಗೆ ತಂತಿ ಹಚ್ಚಿ, ಮೆದುಳಿನ ಅಲೆಗಳನ್ನು ಯಂತ್ರದಲ್ಲಿ ಮೂಡಿಸುವುದು ಅತ್ತಿಗೆಯ ಉದ್ಯೋಗ. ಆಸ್ಪತ್ರೆಯಲ್ಲಿ ಅವಳಿಗೆ ತಂತಿಯಮ್ಮ ಎಂದೇ ಹೆಸರು. ಮೊದಲು ಅಲ್ಲಿ ಆಯಾ ಆಗಿ ಸೇರಿದ್ದಳು. ಪರೀಕ್ಷೆಗೆ ಬಂದ ಹೆಂಗಸರ ಜಡೆ ಬಿಚ್ಚಿ ಬಾಚಿ ಕೊಡುವುದಷ್ಟೇ ಅವಳ ಪಾಲಿಗಿತ್ತು. ಕೂದಲನ್ನು ನೋವಾಗದಂತೆ ಸೀಳುವ ಅವಳ ಬೆರಳುಗಳನ್ನು ನೋಡಿ ಹಳೆಯ ಟೆಕ್ನಿಷಿಯನ್ ಒಬ್ಬರು ಮನಸ್ಸು ಕೊಟ್ಟು ಕೆಲಸ ಕಲಿಸಿದರು. ಟೇಪು ಹಿಡಿದು ತಲೆ ಅಳೆಯಬೇಕು, ಕೆಂಪು ಪೆನ್ಸಿಲಿನಿಂದ ಗುರುತು ಹಾಕಬೇಕು, ಗುರುತು ಹಾಕಿದ ಕಡೆ ಚರ್ಮ ಉಜ್ಜಿ, ಬಿಳಿ ಅಂಟು ಮೆತ್ತಿ, ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆಗಳನ್ನು ಒಂದೊಂದಾಗಿ ಕೂರಿಸಬೇಕು. ಬಂದವರೆಲ್ಲ ಹೆದರಿಕೊಂಡೇ ಒಂದು ಪ್ರಶ್ನೆ ಕೇಳುತ್ತಾರಂತೆ: "ನಾನು ಏನು ಯೋಚನೆ ಮಾಡ್ತಿದ್ದೀನಿ ಅಂತ ಇದರಲ್ಲಿ ಗೊತ್ತಾಗುತ್ತಾ?" ಅತ್ತಿಗೆಯ ಉತ್ತರವೂ ಒಂದೇ: "ನಿಮ್ಮತ್ತೆ ಮೇಲೆ ನಿಮಗಿರೋ ಸಿಟ್ಟು ಇದರಲ್ಲಿ ಕಾಣಲ್ಲ. ಆರಾಮಾಗಿ ಮಲಗಿ."

ಆ ಯಂತ್ರದ ಮುಂದೆ ಕೂತವರು ಮೊದಲು ಕಲಿಯುವುದು ಅನುಮಾನವನ್ನು. ಪರದೆಯ ಮೇಲೆ ಓಡುವ ಗೆರೆಗಳೆಲ್ಲ ಮೆದುಳಿನವಲ್ಲ. ಮಲಗಿದವನು ಕಣ್ಣು ಮಿಟುಕಿಸಿದರೆ ಗೆರೆ ಕುಣಿಯುತ್ತದೆ, ಹಲ್ಲು ಕಚ್ಚಿದರೆ ಕುಣಿಯುತ್ತದೆ, ಬೆವರಿದರೆ ತೂಗಾಡುತ್ತದೆ, ಪಕ್ಕದಲ್ಲಿ ಫೋನು ಬಡಿದುಕೊಂಡರೆ ತಂತಿಗಳು ಅದನ್ನೂ ಹಿಡಿದು ಪರದೆಗೆ ತಂದು ಸುರಿಯುತ್ತವೆ. ಇವಕ್ಕೆಲ್ಲ ಅತ್ತಿಗೆ ಇಟ್ಟ ಹೆಸರು ಕಳ್ಳ. ಕಣ್ಣಿನ ಕಳ್ಳ, ಹಲ್ಲಿನ ಕಳ್ಳ, ಬೆವರಿನ ಕಳ್ಳ. ಎಲ್ಲರಿಗಿಂತ ಖದೀಮನೆಂದರೆ ಫೋನ್ ಕಳ್ಳ. ಊಟಕ್ಕೆ ಕೂತಾಗ, "ಇವತ್ತು ಫೋನ್ ಕಳ್ಳ ನನ್ನ ಅರ್ಧ ಬೆಳಗ್ಗೆ ತಿಂದ" ಎಂದು ಅವಳು ಬೈಯುವುದನ್ನು ಕೇಳಿ ಕೇಳಿ ನನಗೆ ಆ ವಸ್ತುವಿನ ಮೇಲೆ ಕನಿಕರವೇ ಬಂದಿತ್ತು.

ಕೋಣೆಯ ಬಾಗಿಲಿಗೆ ಅವಳು ಕಾಗದದ ಮೇಲೆ ಬರೆದು ಅಂಟಿಸಿದ್ದ ಎಚ್ಚರಿಕೆಯನ್ನು ಜನ ಕಿತ್ತು ಹಾಕುತ್ತಿದ್ದರು. ಕೊನೆಗೆ ಅಣ್ಣನೇ ಗಾಜಿನ ಮೇಲೆ ಅಕ್ಷರ ಕೊರೆದು ಎರಡು ಬೋರ್ಡು ಮಾಡಿಕೊಟ್ಟ. ಒಂದು ಬಾಗಿಲಿಗೆ, ಇನ್ನೊಂದು ಒಳಗೆ ಮಂಚದ ಎದುರಿನ ಗೋಡೆಗೆ. "ಫೋನ್ ಆಫ್ ಮಾಡಿ. ಸೈಲೆಂಟ್ ಅಲ್ಲ, ಆಫ್."

ಅಣ್ಣನ ವಿಷಯ ಹೇಳಿಬಿಡುತ್ತೇನೆ. ಅವನದು ಗಾಜಿನ ಅಂಗಡಿ. ಕಿಟಕಿಗೆ, ಬೀರುವಿಗೆ, ಕನ್ನಡಿಗೆ ಬೇಕಾದ ಅಳತೆಗೆ ಗಾಜು ಕೊಯ್ದು ಕೊಡುವುದು ಅವನ ಕೆಲಸ. ಅದಕ್ಕೆ ಚೌಕಟ್ಟು ಕಟ್ಟುವುದು ನನ್ನದು. ಮೃದು ಸ್ವಭಾವದವನು, ದನಿ ಎತ್ತಿ ಮಾತಾಡಿದವನಲ್ಲ. ಒಂದೇ ಒಂದು ವಿಚಿತ್ರ ಅವನಲ್ಲಿ. ಎಲ್ಲೇ ಬೋರ್ಡು ಕಂಡರೂ ಅದರಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಾನೆ. ಹುಲ್ಲಿನ ಮೇಲೆ ನಡೆಯಬೇಡಿ ಎಂದಿದ್ದರೆ ಇಡೀ ಉದ್ಯಾನ ಸುತ್ತಿಕೊಂಡು ಬರುತ್ತಾನೆ. ಸಾಲಿನಲ್ಲಿ ನಿಲ್ಲಿ ಎಂದಿದ್ದರೆ ಅಲ್ಲಿ ಬೇರೆ ನರಪಿಳ್ಳೆ ಇಲ್ಲದಿದ್ದರೂ ಒಬ್ಬನೇ ಸಾಲಾಗಿ ನಿಲ್ಲುತ್ತಾನೆ. ನಾವಿಬ್ಬರೂ ಇದಕ್ಕಾಗಿ ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು. "ಬೋರ್ಡು ಮಾಡೋನಿಗೆ ಗೊತ್ತು ಬೋರ್ಡಿನ ಬೆಲೆ" ಎಂದು ಅವನು ನಕ್ಕು ಸುಮ್ಮನಾಗುತ್ತಿದ್ದ.

ಅಂಗಡಿಯಲ್ಲಿ ಅವನ ಎಡಗಿವಿಗೆ ಬಿಡುವೇ ಇರಲಿಲ್ಲ. ಕಿವಿಗೂ ಭುಜಕ್ಕೂ ನಡುವೆ ಫೋನನ್ನು ಅವುಚಿಕೊಂಡು, ಗಿರಾಕಿ ಹೇಳಿದ ಅಳತೆಯನ್ನು ತಿರುಗಿ ಹೇಳುತ್ತಾ, ಎರಡೂ ಕೈಯಿಂದ ಗಾಜಿನ ಕೆಲಸ ಮಾಡುತ್ತಿದ್ದ. ಗಾಜು ಕೊಯ್ಯುವುದನ್ನು ನೋಡದವರಿಗೆ ಒಂದು ಮಾತು. ಕಟ್ಟರಿನಿಂದ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಉಸಿರಿಗೆ ಗೆರೆ ಎಳೆಯಬೇಕು. ನಡುವೆ ನಿಲ್ಲಿಸಬಾರದು, ಎಳೆದ ಗೆರೆಯ ಮೇಲೆ ಮತ್ತೆ ಎಳೆಯಬಾರದು. ನಿಂತರೆ ಗಾಜು ಮುರಿಯುವಾಗ ನಮ್ಮ ಮಾತು ಕೇಳುವುದಿಲ್ಲ, ತನಗೆ ಇಷ್ಟ ಬಂದ ಕಡೆ ಸೀಳಿಕೊಂಡು ಹೋಗುತ್ತದೆ. ಅಣ್ಣ ಗೆರೆ ನಿಲ್ಲಿಸಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಒಂದು ದಿನ ನಿಲ್ಲಿಸಿದ. ದೊಡ್ಡ ಕಿಟಕಿಯ ಹಾಳೆಯ ನಡುಮಧ್ಯ ಅವನ ಕೈ ನಿಂತಿತು. ಫೋನು ಕಿವಿಯಲ್ಲೇ ಇತ್ತು, ಆದ್ದರಿಂದ ಅತ್ತ ಕಡೆಯವರ ಮಾತು ಕೇಳುತ್ತಿದ್ದಾನೆಂದುಕೊಂಡೆ. ಆಮೇಲೆ ನೋಡಿದರೆ ಅವನ ತುಟಿಗಳು ಏನನ್ನೋ ಚಪ್ಪರಿಸುವ ಹಾಗೆ ಆಡುತ್ತಿವೆ, ಎಡಗೈ ಅಂಗಿಯ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತಿದೆ, ಕಣ್ಣು ತೆರೆದೇ ಇದೆ, ಆದರೆ ಆ ಕಣ್ಣಲ್ಲಿ ಅವನಿಲ್ಲ. "ಅಣ್ಣಾ" ಎಂದೆ. ಉತ್ತರವಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಏನು?" ಎಂದು ನನ್ನ ಕಡೆ ತಿರುಗಿ, ಗೆರೆ ಮುಂದುವರಿಸಿದ. ಹಾಳೆ ಅಡ್ಡಾದಿಡ್ಡಿ ಸೀಳಿತು. ಅವನು ಅದನ್ನು ನೋಡುತ್ತಾ ತಲೆ ಕೆರೆದುಕೊಂಡ.

ಆಮೇಲೆ ಅದು ಆಗಾಗ ಆಗತೊಡಗಿತು. ಒಡೆದ ಗಾಜು ಹಾಕುವ ಪೀಪಾಯಿ ಮೊದಲಿಗಿಂತ ಬೇಗ ತುಂಬತೊಡಗಿತು. ಕೇಳಿದರೆ ಅಣ್ಣನಿಗೆ ಏನೂ ನೆನಪಿರುವುದಿಲ್ಲ. "ಏನೋ ಯೋಚನೆ ಮಾಡ್ತಿದ್ದೆ ಬಿಡು" ಎನ್ನುತ್ತಾನೆ. ನಾನು ಅತ್ತಿಗೆಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಫೋನು ಯಾವ ಕಿವೀಲಿತ್ತು?"

"ಎಡಗಿವೀಲಿ. ಯಾವಾಗ್ಲೂ ಅಲ್ಲೇ ತಾನೆ ಇರೋದು."

"ಗೊತ್ತಿತ್ತು ನನಗೆ" ಎಂದಳು.

ಅವತ್ತಿನಿಂದ ಮನೆಯಲ್ಲಿ ಪೊಲೀಸ್ ಠಾಣೆ ಶುರುವಾಯಿತು. ನಮ್ಮ ಮೂವರ ಫೋನುಗಳೂ ಮನೆಗೆ ಬಂದೊಡನೆ ಸ್ಟೀಲ್ ಡಬ್ಬಿಯೊಳಗೆ ಹೋಗಬೇಕು. ಎದುರು ಮನೆಯ ಮಹಡಿಯ ಮೇಲಿನ ಟವರಿನ ಕಡೆ ತಲೆ ಹಾಕಿ ಮಲಗುವಂತಿಲ್ಲ. ಅಣ್ಣನ ಮಂಚ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಯಿತು. ಅಲ್ಲಿ ಪಕ್ಕದ ಮನೆಯವರ ವೈಫೈ ಗೋಡೆಯಾಚೆಗೇ ಇದೆ ಎಂದು ಗೊತ್ತಾಗಿ ಮತ್ತೆ ಜಾಗ ಬದಲಾಯಿತು. ಅವಳು ಪಕ್ಕದ ಮನೆಯವಳನ್ನೂ ಅನುಮಾನಿಸಿದಳು, ಬೇಕೆಂದೇ ವೈಫೈ ಡಬ್ಬಿಯನ್ನು ನಮ್ಮ ಕಡೆ ತಿರುಗಿಸಿಟ್ಟಿದ್ದಾಳೆ ಎಂದು. ನಾನು ನಕ್ಕರೆ ನನ್ನ ಮೇಲೂ ಕಣ್ಣು ಬಿತ್ತು.

"ಪ್ರತಿ ಸಲವೂ ಫೋನು ಕಿವೀಲೇ ಇತ್ತು ಅಂತ ನೀನೇ ಹೇಳಿದ್ದೀಯ" ಎಂದಳು.

"ಪ್ರತಿ ಸಲವೂ ಅಂಗಿನೂ ಮೈಮೇಲೇ ಇತ್ತು ಅತ್ತಿಗೆ. ಅಂಗೀನ ಯಾಕೆ ಬಿಟ್ಟೆ? ಅದನ್ನೂ ಡಬ್ಬೀಲಿ ಹಾಕು."

ಅವಳಿಗೆ ನಗು ಬರಲಿಲ್ಲ. ತನ್ನ ವಿಭಾಗದ ಡಾಕ್ಟರನ್ನು ಸುತ್ತುಬಳಸಿ ಕೇಳಿದ್ದಳಂತೆ, ಮನೆಯ ಸಂಗತಿ ಬಿಟ್ಟುಕೊಡದೆ. ಫೋನಿನ ಕಿರಣ ಮೆದುಳಿಗೆ ಏನಾದರೂ ಮಾಡುತ್ತದೆಯೇ ಎಂದು. ಅವರು ಚಹಾ ಕುಡಿಯುತ್ತಾ, "ಕೆಲವರು ಪ್ರಯೋಗ ಮಾಡಿ ನೋಡಿದಾರಮ್ಮ. ಕಿವಿ ಹತ್ರ ಫೋನಿಟ್ರೆ ಅಲೆಗಳಲ್ಲಿ ಸಣ್ಣ ಬದಲಾವಣೆ ಕಂಡಿದೆ ಅಂತ ಕೆಲವರು ಹೇಳ್ತಾರೆ, ನಮಗೇನೂ ಕಾಣಲಿಲ್ಲ ಅಂತ ಇನ್ನು ಕೆಲವರು. ಕಂಡವರೂ ಅದರಿಂದ ಕಾಯಿಲೆ ಬರುತ್ತೆ ಅಂದಿಲ್ಲ" ಎಂದರಂತೆ. ಅತ್ತಿಗೆಯ ಕಿವಿಗೆ ಬಿದ್ದದ್ದು ನಡುವಿನ ಮಾತೊಂದೇ. ಬದಲಾವಣೆ ಕಂಡಿದೆ.

"ಇಷ್ಟೆಲ್ಲ ಒದ್ದಾಡೋ ಬದಲು ಅಣ್ಣನ್ನ ಅದೇ ಡಾಕ್ಟರಿಗೆ ತೋರಿಸಬಾರದಾ?" ಎಂದು ನಾನು ಒಂದು ದಿನ ರೇಗಿದೆ.

ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ದಿನಾ ಬರ್ತಾರೆ ಕಣೆ ಅಂಥವರು. ಕೆಲಸ ಬಿಟ್ಟವರು, ಗಾಡಿ ಬಿಟ್ಟವರು, ಬಚ್ಚಲಿಗೆ ಹೋದರೂ ಬಾಗಿಲು ತೆರೆದೇ ಇಡಬೇಕಾದವರು. ನಾನು ಅವರ ತಲೆಗೆ ಅಂಟು ಹಚ್ಚಿ, ಒರೆಸಿ ಕಳಿಸ್ತೀನಿ. ಆ ಮಂಚದ ಮೇಲೆ ಇವರನ್ನ ಮಲಗಿಸೋಕೆ ನನ್ನ ಕೈಲಾಗಲ್ಲ."

ಆಗ ನನಗೆ ಎಲ್ಲ ಅರ್ಥವಾಯಿತು. ಅವಳಿಗೆ ಭಯವಾಗಿತ್ತು. ಕಳ್ಳ ಫೋನಿನೊಳಗಿದ್ದರೆ ಅವನನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಬಹುದು. ಗಂಡನ ತಲೆಯೊಳಗಿದ್ದರೆ ಏನು ಮಾಡುವುದು?

ಆದರೆ ಅನುಮಾನದ ಮನುಷ್ಯರಿಗೆ ಸಾಕ್ಷಿ ಬೇಕು. ಒಂದು ಭಾನುವಾರ ಮಧ್ಯಾಹ್ನ, ಆ ಮಹಡಿಯಲ್ಲಿ ಯಾರೂ ಇಲ್ಲದ ಹೊತ್ತು, ಅತ್ತಿಗೆ ಅಣ್ಣನನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಕಾಯಿಲೆಯ ಪರೀಕ್ಷೆಯಲ್ಲ, ಫೋನಿನ ಪರೀಕ್ಷೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿರಬೇಕು. ಕಾವಲಿಗೆ ನಾನು. ಹಿಂದಿನ ರಾತ್ರಿ ಅವನಿಗೆ ಸರಿಯಾಗಿ ನಿದ್ದೆ ಮಾಡಲು ಬಿಟ್ಟಿರಲಿಲ್ಲ. ನಿದ್ದೆಗೆಟ್ಟ ಮೆದುಳು ಬೇಗ ಬಾಯಿ ಬಿಡುತ್ತದಂತೆ, ಅದು ಅವರ ಪದ್ಧತಿ. ಅಣ್ಣ ಆಕಳಿಸುತ್ತಾ ಮಂಚದ ಮೇಲೆ ಒರಗಿದ. ಅತ್ತಿಗೆ ಟೇಪು ಹಿಡಿದಳು, ಗುರುತು ಹಾಕಿದಳು, ಉಜ್ಜಿದಳು. ಅಣ್ಣನಿಗೆ ಇರುವ ನಾಲ್ಕು ಕೂದಲ ಮೇಲೆ ಬಹಳ ಪ್ರೀತಿ. ಅಂಟು ಮೆತ್ತುವಾಗ ಅವನ ಮುಖ ನೋಡುವಂತಿತ್ತು.

"ಇದು ಹೋಗುತ್ತೇನೇ?"

"ಬಿಸಿನೀರಲ್ಲಿ ತೊಳೆದ್ರೆ ಹೋಗುತ್ತೆ. ಅಲ್ಲಾಡಬೇಡಿ. ಮೊದಲು ಸುಮ್ಮನೆ ಮಲಗಿ. ನಾನು ಕೈ ಎತ್ತಿದಾಗ ಫೋನಲ್ಲಿ ಕಸ್ಟಮರ್ ಕೇರಿಗೆ ಹಚ್ಚಿ, ಎಡಗಿವೀಲಿ ಹಿಡ್ಕೊಳ್ಳಿ. ಅವರು ಹೇಗೂ ಕಾಯಿಸ್ತಾರೆ. ನೀವು ಮಾತ್ರ ತುಟಿ ಪಿಟಕ್ ಅನ್ನಬೇಡಿ, ಮಾತಾಡಿದ್ರೆ ದವಡೆ ಕಳ್ಳ ಬರ್ತಾನೆ."

ನಾವಿಬ್ಬರೂ ಗಾಜಿನ ಕಿಟಕಿಯ ಈಚೆ, ಯಂತ್ರದ ಮುಂದೆ ಕೂತೆವು. ಮೊದಲು ಫೋನಿಲ್ಲದೆ. ಗೆರೆಗಳು ಸಾಲಾಗಿ ಓಡುತ್ತಿದ್ದವು, ನನಗೆ ತಲೆಬುಡ ತಿಳಿಯಲಿಲ್ಲ, ಆದರೆ ಅತ್ತಿಗೆಯ ಮುಖ ನೋಡಿ ಏನೂ ತೊಂದರೆಯಿಲ್ಲ ಎಂದು ಗೊತ್ತಾಗುತ್ತಿತ್ತು. ಜೋರಾಗಿ ಉಸಿರಾಡಿಸಿ ನೋಡಿದಳು. ಆಗಲೂ ಇಲ್ಲ. ಆಮೇಲೆ ಕೈ ಎತ್ತಿದಳು. ಅಣ್ಣ ಜೇಬಿನಿಂದ ಫೋನು ತೆಗೆದು, ಹೆಬ್ಬೆರಳಾಡಿಸಿ, ಎಡಗಿವಿಗೆ ಹಿಡಿದ. ಸ್ವಲ್ಪ ಹೊತ್ತು ಗೆರೆಗಳು ಮೊದಲಿನಂತೆಯೇ ಓಡಿದವು. ನಂತರ, ಎಡಗಿವಿಯ ಮೇಲಿನ ಬಿಲ್ಲೆಗಳಿಂದ ಬರುವ ಎರಡು ಮೂರು ಗೆರೆಗಳು ಮಾತ್ರ ಒಂದೇ ತಾಳಕ್ಕೆ ಏಳತೊಡಗಿದವು. ನೋಡುನೋಡುತ್ತಿದ್ದಂತೆ ದೊಡ್ಡವಾದವು. ಅದಾದ ಮೇಲೆಯೇ ಕಿಟಕಿಯಾಚೆ ಅಣ್ಣನ ತುಟಿ ಆಡತೊಡಗಿತು, ಕೈ ಹೊದಿಕೆಯ ಅಂಚನ್ನು ಹಿಸುಕತೊಡಗಿತು.

ಅತ್ತಿಗೆ ನನ್ನ ಮಣಿಕಟ್ಟು ಹಿಡಿದಳು. "ನೋಡಿದ್ಯಾ? ಸರಿಯಾಗಿ ಫೋನಿನ ಕೆಳಗೇ. ಬೇರೆಲ್ಲೂ ಇಲ್ಲ. ತುಟಿ ಆಡೋಕೆ ಮುಂಚೆ ಬಂದ ಗೆರೆ ಎಷ್ಟು ಶುದ್ಧವಾಗಿದೆ ನೋಡು, ನಡುವೆ ಒಬ್ಬ ಕಳ್ಳನೂ ಇಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ದುಃಖಕ್ಕಲ್ಲ, ಗೆದ್ದ ಖುಷಿಗೆ. ಮನೆಗೆ ಬರುವ ದಾರಿಯುದ್ದಕ್ಕೂ ಹುಡುಗಿಯ ಹಾಗೆ ಮಾತಾಡಿದಳು. ಅಣ್ಣ ಕೂದಲು ಮುಟ್ಟಿ ನೋಡಿಕೊಳ್ಳುತ್ತಾ, "ನಿನಗೆ ಸಮಾಧಾನ ಆಯ್ತಲ್ಲ, ಸಾಕು" ಎಂದ. ಡಾಕ್ಟರಿಗೆ ಅವಳು ಏನೂ ಹೇಳಲಿಲ್ಲ. ಕೇಳದೆ ಯಂತ್ರ ಮುಟ್ಟಿದ್ದಕ್ಕೆ ಬೈಯುತ್ತಾರೆ ಎಂಬುದು ಒಂದು; ಅವರು ಇದನ್ನು ಬೇರೆ ಹೆಸರಿನಿಂದ ಕರೆದುಬಿಟ್ಟರೆ ಎಂಬುದು ಇನ್ನೊಂದು.

ಮರುದಿನದಿಂದ ಅಣ್ಣನಿಗೆ ಫೋನಿಲ್ಲ. ಅಂಗಡಿಯ ಕರೆಗಳಿಗೆಲ್ಲ ನಾನೇ ಉತ್ತರ ಕೊಡಬೇಕು, ಅದೂ ಬೀದಿಗೆ ಇಳಿದು, ಅವನಿಂದ ದೂರ ನಿಂತು. ಬಿಸಿಲಲ್ಲಿ ನಿಂತು ಅಳತೆ ಬರೆದುಕೊಳ್ಳುತ್ತಾ ಅತ್ತಿಗೆಯನ್ನು ಬೈದುಕೊಂಡೆ. ಆದರೂ ಒಂದಷ್ಟು ದಿನ ಎಲ್ಲವೂ ಸರಿಯಾಗಿತ್ತು. ಗೆರೆಗಳು ಅಂಚಿನಿಂದ ಅಂಚಿಗೆ ಹೋದವು. ಅತ್ತಿಗೆ ಗೆಲುವಾಗಿ ಓಡಾಡಿದಳು. ನಾನು ಕೂಡ ಯಂತ್ರಕ್ಕಿಂತ ನನಗೆ ಹೆಚ್ಚು ಗೊತ್ತೇ ಎಂದುಕೊಂಡು ಸೋತೆನೆಂದು ಒಪ್ಪಿಕೊಂಡೆ.

ಆಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ ಅಣ್ಣನ ಕೈ ತಟ್ಟೆಯ ಮೇಲೆ ನಿಂತಿತು. ತುಟಿ ಆಡಿತು. ಇನ್ನೊಂದು ಕೈ ಗುಂಡಿಗೆ ಹೋಯಿತು.

ಅತ್ತಿಗೆ ಗಾಬರಿಯಾಗಲಿಲ್ಲ. ಅವನು ಮರಳಿ ಬರುವವರೆಗೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ತಣ್ಣಗೆ ಕೇಳಿದಳು: "ಇವತ್ತು ಯಾರ ಹತ್ರ ಮಾತಾಡಿದ್ರಿ?"

"ಯಾರ ಹತ್ರ? ಗಿರಾಕಿಗಳ ಹತ್ರ."

"ಫೋನಲ್ಲಿ."

"ಫೋನು ನೀನೇ ಇಟ್ಕೊಂಡಿದ್ದೀಯಲ್ಲೇ."

ಅವಳು ನಂಬಲಿಲ್ಲ. ಫೋನಿಲ್ಲದೆ ಹೀಗಾಗುವುದು ಸಾಧ್ಯವಿಲ್ಲ, ಹೀಗಾಗಿದೆ, ಆದ್ದರಿಂದ ಎಲ್ಲೋ ಒಂದು ಫೋನಿದೆ. ಆ ಲೆಕ್ಕಕ್ಕೆ ಅಂಟಿಕೊಂಡಳು. ಒಗೆಯುವ ಮುನ್ನ ಪ್ಯಾಂಟಿನ ಜೇಬು ತಡಕಿದಳು, ಚಪ್ಪಲಿ ಗೂಡು ನೋಡಿದಳು, ಅಂಗಡಿಗೆ ಹೇಳದೆ ಕೇಳದೆ ಬಂದು ಗಾಜಿನ ಹಾಳೆಗಳ ಹಿಂದೆ ಟಾರ್ಚು ಬಿಟ್ಟಳು. ಕದ್ದು ಮಾತಾಡುವಂಥದ್ದು ಏನಿದೆ, ಯಾರಿದ್ದಾರೆ ಎಂಬಲ್ಲಿಗೂ ಅವಳ ಮನಸ್ಸು ಹೋಯಿತು. ಅಂಗಡಿಗೆ ಕನ್ನಡಿ ಕೊಳ್ಳಲು ಬಂದ ಹೆಂಗಸರನ್ನು ಅವಳು ನೋಡುತ್ತಿದ್ದ ರೀತಿ ನೋಡಿ ನನಗೇ ನಾಚಿಕೆಯಾಯಿತು. ಅಣ್ಣ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಆದರೆ ಊಟದ ಹೊತ್ತಿಗೆ ಅವನ ಮಾತು ಕಡಿಮೆಯಾಯಿತು. ಮನೆಗೆ ಬರುವುದೂ ತಡವಾಗತೊಡಗಿತು. ಅದು ಅವಳಿಗೆ ಇನ್ನೊಂದು ಸಾಕ್ಷಿಯಾಯಿತು.

ಕೊನೆಗೆ ಆಗಬಾರದ್ದು ಆಯಿತು. ಅಣ್ಣ ಎದೆಯೆತ್ತರದ ಗಾಜಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕಪಾಟಿನಿಂದ ಮೇಜಿನ ಕಡೆಗೆ ತರುತ್ತಿದ್ದ. ನಡುದಾರಿಯಲ್ಲಿ ನಿಂತ. ನಾನು ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದವಳು ಸುತ್ತಿಗೆ ಬಿಸಾಕಿ ಓಡಿದೆ. ಮುಟ್ಟುವಷ್ಟರಲ್ಲಿ ಅವನ ಎಡಗೈ ಹಾಳೆಯನ್ನು ಬಿಟ್ಟು ಗುಂಡಿ ಹುಡುಕಿಕೊಂಡು ಹೋಯಿತು. ಹಾಳೆ ಜಾರಿ, ನೆಲಕ್ಕೆ ಬಡಿದು ಸಿಡಿದು, ಅವನ ಮುಂಗೈಯನ್ನು ಉದ್ದಕ್ಕೆ ಸೀಳಿತು. ರಕ್ತ ಸುರಿಯುತ್ತಿದ್ದರೂ ಅವನು ತುಟಿ ಚಪ್ಪರಿಸುತ್ತಾ ನಿಂತೇ ಇದ್ದ. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸ್ವಲ್ಪ ಮೇಲೆ ಬಿದ್ದಿದ್ದರೆ ಕುತ್ತಿಗೆ.

ಹತ್ತಿರದ ದವಾಖಾನೆಯಲ್ಲಿ ಹೊಲಿಗೆ ಹಾಕಿಸಿ ಮನೆಗೆ ಕರೆತಂದೆ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಕಟ್ಟು ನೋಡಿದಳು, ಕೈ ಹಿಡಿದು ಅವನನ್ನು ಕುರ್ಚಿಯ ಮೇಲೆ ಕೂರಿಸಿದಳು, ನೀರು ಕುಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀನೇ ಕೊಟ್ಟಿರೋದು."

"ಏನು ಕೊಟ್ಟಿರೋದು?"

"ಫೋನು. ಅಂಗಡೀಲಿ ಅವರ ಜೊತೆ ಇಡೀ ದಿನ ಇರೋಳು ನೀನು. ಅಣ್ಣ ಕೇಳಿದ ಅಂತ ಕೊಟ್ಟಿದ್ದೀಯ. ಇವತ್ತು ಕೈ ಹೋಯ್ತು, ನಾಳೆ ತಲೆ ಹೋಗುತ್ತೆ, ಆಗ ಸಮಾಧಾನ ಆಗುತ್ತಾ ನಿನಗೆ?"

ನನಗೆ ಮೈ ಉರಿದುಹೋಯಿತು. ಅವನ ರಕ್ತ ನನ್ನ ಸೀರೆಯ ಮೇಲೆ ಇನ್ನೂ ಒಣಗಿರಲಿಲ್ಲ. "ನಿನ್ನ ತಲೆ ಕೆಟ್ಟಿದೆ" ಎಂದು ಕೂಗಿದೆ. "ಅಣ್ಣನಿಗೆ ಆಗಿರೋದು ಏನು ಅಂತ ನಿನಗೆ ಗೊತ್ತು. ಈ ಊರಲ್ಲಿ ನಿನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೂ ಆ ಫೋನಿನ ಹಿಂದೆ ಬಚ್ಚಿಟ್ಟುಕೊಂಡಿದ್ದೀಯ."

"ನಾನೇ ಕಣ್ಣಾರೆ ನೋಡಿದ್ದೀನಿ! ನೀನೂ ನೋಡಿದ್ದೀಯ! ಫೋನು ಕಿವಿಗಿಡೋವರೆಗೂ ಏನೂ ಇರಲಿಲ್ಲ, ಇಟ್ಟಮೇಲೆ ಬಂತು!"

ಅಣ್ಣ ಒಳ್ಳೆಯ ಕೈಯನ್ನು ಎತ್ತಿದ. "ಇಬ್ಬರೂ ಸುಮ್ಮನಿರ್ತೀರಾ?" ಎಂದ. ಜೀವನದಲ್ಲಿ ಮೊದಲ ಸಲ ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದು. "ಅವತ್ತು ಫೋನು ಆಫ್ ಇತ್ತು ಕಣೆ."

ಅತ್ತಿಗೆ ಅವನ ಕಡೆ ನೋಡಿದಳು. "ಯಾವತ್ತು?"

"ಅವತ್ತೇ. ನಿನ್ನ ಕೋಣೇಲಿ. ಬಾಗಿಲಲ್ಲಿ ಆಫ್ ಮಾಡಿ ಅಂತ ಬೋರ್ಡಿತ್ತು, ಮಾಡಿದೆ. ನೀನು ಕೈ ಎತ್ತಿದಾಗ ಆನ್ ಮಾಡೋಣ ಅಂತಲೇ ತೆಗೆದೆ. ಎದುರು ಗೋಡೇಲಿ ಮತ್ತೆ ಅದೇ ಬೋರ್ಡು. ನಾನೇ ಕೊರೆದಿದ್ದು. ಮಷೀನಿಗೆ ಏನಾದ್ರೂ ಆಗಿ, ಕದ್ದು ಬಂದಿದ್ದು ಗೊತ್ತಾಗಿ, ನಿನ್ನ ಕೆಲಸಕ್ಕೆ ಕುತ್ತು ಬಂದ್ರೆ ಅಂತ ಸುಮ್ಮನೆ ಕಿವಿಗೆ ಹಿಡ್ಕೊಂಡೆ. ಹಿಡಿದ್ರೆ ನಿನಗೆ ಸಮಾಧಾನ ಆಗುತ್ತಲ್ಲ ಅಂತ."

"ಮತ್ತೆ ಯಾಕ್ರೀ ಹೇಳಲಿಲ್ಲ?"

"ದಾರೀಲಿ ನೀನು ಅಷ್ಟು ಖುಷಿಯಾಗಿದ್ದೆ. ಹೇಳಿದ್ರೆ ಮತ್ತೆ ಕರ್ಕೊಂಡು ಹೋಗಿ ತಲೆಗೆ ಅಂಟು ಹಚ್ತೀಯ ಅಂತ..." ಎಂದು ಅವನು ತಲೆ ಸವರಿಕೊಂಡ.

ಹಾಲನ್ನು, ತಕ್ಕಡಿಯನ್ನು, ನೆರೆಯವಳನ್ನು, ನನ್ನನ್ನು, ಗಂಡನನ್ನು ಅನುಮಾನಿಸಿದವಳು ಅವನ ಕೈಯಲ್ಲಿದ್ದ ಫೋನು ಆನ್ ಇದೆಯೇ ಎಂದು ಒಂದು ಸಲ ನೋಡಿರಲಿಲ್ಲ. ಅತ್ತಿಗೆ ಗೋಡೆ ಹಿಡಿದು ನೆಲಕ್ಕೆ ಕುಸಿದು ಕೂತಳು.

"ಫೋನ್ ಕಳ್ಳ ಬಂದೇ ಇರಲಿಲ್ಲ" ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಆನ್ ಆಗಿರೋ ಫೋನು ಅಷ್ಟು ಹತ್ರ ಇದ್ರೆ ಅವನು ಸುಮ್ಮನಿರ್ತಿದ್ನಾ? ಗೆರೆ ಶುದ್ಧವಾಗಿದೆ ಅಂತ ನನ್ನ ಬಾಯಲ್ಲೇ ಹೇಳಿದೆ. ಶುದ್ಧವಾಗಿತ್ತು ಅಂದ್ರೆ ಅದು ಅವರದ್ದೇ. ಅವರ ತಲೆಯದ್ದೇ." ಆಮೇಲೆ ಅಣ್ಣನ ಮೊಣಕಾಲಿಗೆ ಹಣೆ ಒತ್ತಿ ಅತ್ತಳು. ಅಣ್ಣ ಕಟ್ಟು ಹಾಕಿದ ಕೈಯನ್ನು ಅವಳ ತಲೆಯ ಮೇಲಿಟ್ಟು, ಏನಾಯಿತೆಂದು ಗೊತ್ತಾಗದೆ ನನ್ನ ಮುಖ ನೋಡಿದ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಬೆಳಗಾಗುತ್ತಲೇ ಮೂವರೂ ಡಾಕ್ಟರ ಮುಂದೆ ಕೂತಿದ್ದೆವು. ಅತ್ತಿಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವರು ಬೈದರು, ಬೈಯಬೇಕಾದ್ದೇ. ನಂತರ ಪರೀಕ್ಷೆ ಮತ್ತೆ ನಡೆಯಿತು. ತಂತಿ ಹಚ್ಚಲು ಬೇರೆಯವರನ್ನು ಕರೆಯಲೇ ಎಂದು ಡಾಕ್ಟರು ಕೇಳಿದರು, ಅತ್ತಿಗೆ ಬೇಡವೆಂದಳು. ಟೇಪು ಹಿಡಿದು ಪ್ರತಿ ಗುರುತನ್ನೂ ಎರಡೆರಡು ಸಲ ಅಳೆದಳು. ತಲೆಯ ಚಿತ್ರವನ್ನೂ ತೆಗೆಸಿದರು. ಎಡಗಿವಿಯ ನೇರಕ್ಕೆ, ಮೆದುಳಿನ ಆಳದಲ್ಲಿ, ಒಂದು ಸಣ್ಣ ಕಲೆ. ಮಗುವಾಗಿದ್ದಾಗ ಜ್ವರ ಬಂದು ಮೈ ಸೆಟೆದುಕೊಂಡಿತ್ತು ಎಂದು ಅಮ್ಮ ಹೇಳುತ್ತಿದ್ದದ್ದು ನನಗೆ ನೆನಪಾಗಿ ಹೇಳಿದೆ. ಅಲ್ಲಿಂದಲೇ ಇರಬಹುದು, ಅಲ್ಲದಿರಬಹುದು ಎಂದರು ಡಾಕ್ಟರು. ಮೂರ್ಛೆರೋಗದಲ್ಲೇ ಇದೊಂದು ಬಗೆ, ಮಾತ್ರೆಗೆ ಬಗ್ಗುವ ಸಾಧ್ಯತೆ ಇದೆ, ಸದ್ಯಕ್ಕೆ ದೊಡ್ಡ ಗಾಜು ಎತ್ತುವಂತಿಲ್ಲ, ಒಬ್ಬನೇ ಇರುವಂತಿಲ್ಲ.

ಎದ್ದು ಹೊರಡುವಾಗ ಅತ್ತಿಗೆ ಬಾಗಿಲಲ್ಲಿ ನಿಂತಳು. "ಇದು ಫೋನಿಂದ ಆಗಿದ್ದಲ್ಲ ಅಂತೀರಾ ಡಾಕ್ಟ್ರೇ?"

"ಈ ಕಲೆ ಫೋನು ಹುಟ್ಟೋಕೆ ಮುಂಚಿನದು ಇದ್ದ ಹಾಗಿದೆಯಮ್ಮ."

"ಅದರ ಮೇಲೆ ಫೋನು ಏನೂ ಮಾಡಿಲ್ಲ ಅಂತ ಬರ್ಕೊಡ್ತೀರಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮಾಡಿದೆ ಅಂತಲೂ ಬರೆಯೋಕಾಗಲ್ಲ, ಏನೂ ಮಾಡಿಲ್ಲ ಅಂತ ಆಣೆ ಇಡೋಕೂ ಆಗಲ್ಲ. ಮಾತ್ರೆ ತಪ್ಪಿಸಬೇಡಿ." ಅತ್ತಿಗೆ ಅಷ್ಟು ಸಾಕೆಂಬಂತೆ ತಲೆಯಾಡಿಸಿದಳು.

ಈಗ ಅಣ್ಣ ಸಣ್ಣ ಕನ್ನಡಿಗಳನ್ನಷ್ಟೇ ಕೊಯ್ಯುತ್ತಾನೆ, ಕೂತುಕೊಂಡು. ಮಾತ್ರೆ ಕೆಲಸ ಮಾಡುತ್ತಿದೆ, ಪೂರ್ತಿಯಾಗಿ ಅಲ್ಲ. ಅವನ ಫೋನನ್ನು ಡಬ್ಬಿಯಿಂದ ತೆಗೆದು ಅವನ ಕೈ ಮುಟ್ಟಿಸಿದವಳು ಅತ್ತಿಗೆಯೇ. ನಾನು ಅಂಗಡಿಯಿಂದ ಸಾಮಾನು ಕೊಡಲು ಹೊರಗೆ ಹೋದರೆ ಅವಳು ಆಸ್ಪತ್ರೆಯಿಂದ ಕರೆ ಮಾಡಿ, ನಾನು ಬರುವವರೆಗೂ ಹಿಡಿದುಕೊಂಡಿರುತ್ತಾಳೆ. ತನ್ನ ಕೋಣೆಯ ಹೊರಗೆ, ಮೆಟ್ಟಿಲ ಬಳಿ ನಿಂತು. ಅವನು ಮಾತಾಡುತ್ತಲೇ ಇರಬೇಕು. ಅವನ ದನಿ ಒಂದೇ ಈಗ ಅವಳ ಪರದೆ. ಫೋನು ಮಾತ್ರ ಕಿವಿಗೆ ತಾಗುವಂತಿಲ್ಲ, ಸ್ಪೀಕರ್ ಹಾಕಿ ಮೇಜಿನ ಆ ತುದಿಯಲ್ಲಿಡಬೇಕು. ಅನುಮಾನ ಅವಳನ್ನು ಅಷ್ಟು ಸುಲಭವಾಗಿ ಬಿಡುತ್ತದೆಯೇ?

ಮೊನ್ನೆ ನಾನು ಮರಳಿ ಬಂದಾಗ ಹಾಗೇ ನಡೆದಿತ್ತು. ಹೇಳಲು ಬೇರೇನೂ ತೋಚದೆ ಅಣ್ಣ ಅಳತೆಗಳನ್ನೇ ಒಂದೊಂದಾಗಿ ಅವಳಿಗೆ ಓದಿ ಹೇಳುತ್ತಿದ್ದ. ನಾನು ಬಾಗಿಲಲ್ಲಿ ನಿಂತೆ. ಅವನು ಕಟ್ಟರನ್ನು ಗಾಜಿನ ಅಂಚಿಗಿಟ್ಟು, ಉಸಿರು ಬಿಗಿಹಿಡಿದು, ಗೆರೆ ಎಳೆಯತೊಡಗಿದ. ಆಗ ಮಾತಾಡಲಾಗುವುದಿಲ್ಲ. ಅಂಗಡಿಯಲ್ಲಿ ಕಟ್ಟರಿನ ಕಿರ್ ಎನ್ನುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ರೀ?" ಎಂದಿತು ಫೋನು.

ಗೆರೆ ಇನ್ನೂ ಅಂಚು ಮುಟ್ಟಿರಲಿಲ್ಲ.

"ರೀ! ಇದ್ದೀರಾ? ರೀ!"

ಅಣ್ಣ ಕೈ ನಿಲ್ಲಿಸಿದ. ಗಾಜು ಹಾಳಾಯಿತು. ಅವನು ಅದರ ಕಡೆ ನೋಡಲೂ ಇಲ್ಲ.

"ಇದ್ದೀನಿ ಕಣೆ" ಎಂದ. "ಇಲ್ಲೇ ಇದ್ದೀನಿ."